ಕರ್ನಲ್ಲಿನ ಸ್ವಸಾಕ್ಷ್ಯ: ಒಂದು ಆಧಾರವಿಮರ್ಶೆ

ಶಾಸನವೊಂದನ್ನು ಆಧಾರವಾಗಿ ಸ್ವೀಕರಿಸುವ ಮುನ್ನ ಅದರ ಪ್ರಶಸ್ತಿಭಾಗವನ್ನೂ ದಾನಭಾಗವನ್ನೂ ಬೇರ್ಪಡಿಸಿ ನೋಡುವುದು ಇತಿಹಾಸಕಾರರ ವಾಡಿಕೆ. ಅರಸನ ಬಿರುದುಗಳಿಂದ ಅವನ ರಾಜ್ಯದ ಗಡಿಯನ್ನು ನಿರ್ಣಯಿಸಲಾಗದು. ಯಾವ ಊರಿನ ಯಾವ ಭೂಮಿ ದತ್ತಿಯಾಯಿತೆಂಬ ಮಾತೇ ಹೆಚ್ಚು ನಂಬತಕ್ಕದ್ದು. ಗಣಕಯಂತ್ರದ ಇತಿಹಾಸದಲ್ಲಿಯೂ ಇಂಥ ವಿವೇಚನೆಗೆ ಅವಕಾಶವುಂಟು. ಯಂತ್ರಕ್ಕೂ ನಾವು ಬಳಸುವ ಪ್ರೋಗ್ರಾಮುಗಳಿಗೂ ನಡುವೆ ನಿಂತು ಸ್ಮೃತಿ, ಕಡತ, ಜಾಲಗಳನ್ನು ಆಳುವ ತಿರುಳಿಗೆ ಕರ್ನಲ್ ಎಂದು ಹೆಸರು. ಅದರ ಸಾಮರ್ಥ್ಯಗಳನ್ನು ಕಮ್ಯಾಂಡ್ ಲೈನಿನಿಂದ ಅದನ್ನೇ ಕೇಳಿ ತಿಳಿಯುವ ಕ್ರಮ ಹೇಗೆ ಬೆಳೆಯಿತು, ಆ ಉತ್ತರಗಳಲ್ಲಿ ಯಾವುದು ಎಷ್ಟು ನಂಬಲರ್ಹ ಎಂಬುದನ್ನು ಲಿನಕ್ಸಿನ ನಿದರ್ಶನದಿಂದ ಇಲ್ಲಿ ಪರಿಶೀಲಿಸಲಾಗಿದೆ.

ಮೊದಲನೆಯ ಆಧಾರ 'ಯೂನೇಮ್' ಎಂಬ ಆದೇಶ. ಯುನಿಕ್ಸ್ ಪರಂಪರೆಯಿಂದ ಬಂದ ಇದನ್ನು ಪೋಸಿಕ್ಸ್ ಮಾನಕವು ಅಂಗೀಕರಿಸಿತು. ವ್ಯವಸ್ಥೆಯ ಹೆಸರು, ಜಾಲದಲ್ಲಿ ಯಂತ್ರದ ಹೆಸರು, ಬಿಡುಗಡೆ, ಆವೃತ್ತಿ, ಯಂತ್ರದ ಜಾತಿ ಎಂಬ ಐದು ಸಂಗತಿಗಳನ್ನು ಇದು ತಿಳಿಸುತ್ತದೆ. 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿಗೂ ಈ ಪದ್ಧತಿಯೇ ಬಂದಿತು. ಎಲ್ಲರೂ ಒಂದೇ ಮೂಲದಿಂದ ಕರ್ನಲ್ಲನ್ನು ಪಡೆಯುತ್ತಿದ್ದಾಗ ಬಿಡುಗಡೆಯ ಸಂಖ್ಯೆಯಿಂದ ಸಾಮರ್ಥ್ಯವನ್ನು ಊಹಿಸುವುದು ಅಷ್ಟೇನೂ ತಪ್ಪಾಗಿರಲಿಲ್ಲ. ಆದರೆ ಊಹೆಯು ಕ್ರಮೇಣ ಪ್ರಮಾಣದ ಸ್ಥಾನವನ್ನು ಆಕ್ರಮಿಸಿತು.

ಇದರ ಫಲ 2011ರ ಜುಲೈ ತಿಂಗಳಲ್ಲಿ ಕಂಡುಬಂದಿತು. 2.6.39ರ ತರುವಾಯದ ಕರ್ನಲ್ಲಿಗೆ 3.0 ಎಂಬ ಸಂಖ್ಯೆಯನ್ನು ಕೊಡಲಾಯಿತು. ಲಿನಕ್ಸಿಗೆ ಇಪ್ಪತ್ತು ವರ್ಷ ತುಂಬಿತೆಂಬುದೇ ಇದಕ್ಕೆ ನೆಪವಾಗಿತ್ತಲ್ಲದೆ, ಒಳಗೆ ಕ್ರಾಂತಿಕರವಾದ ಮಾರ್ಪಾಟೇನೂ ಆಗಿರಲಿಲ್ಲ. ಹಾಗಿದ್ದರೂ 2.6 ಎಂಬ ಅಂಕಿಯನ್ನೇ ನಿರೀಕ್ಷಿಸುತ್ತಿದ್ದ ಕೆಲವು ಪ್ರೋಗ್ರಾಮುಗಳು ಎಡವಿದುವು. ಅವುಗಳ ಸಲುವಾಗಿ ಹೊಸ ಕರ್ನಲ್ಲು, ಬೇಕೆಂದಾಗ, ತಾನು 2.6.40 ಎಂದು ಹೇಳಿಕೊಳ್ಳುವ ಏರ್ಪಾಡನ್ನು ಮಾಡಬೇಕಾಯಿತು. ಬಿರುದನ್ನು ನಂಬಿದವರಿಗಾಗಿ ಹಳೆಯ ಬಿರುದನ್ನೇ ಮತ್ತೆ ಧರಿಸಿದಂತಾಯಿತು.

ಇದಕ್ಕೆ ವಿಪರೀತವಾದ ನಿದರ್ಶನವೂ ಉಂಟು. ಒಂದು ಕಡತವ್ಯವಸ್ಥೆಯ ಮೇಲೆ ಮತ್ತೊಂದನ್ನು ಹೊದಿಸುವ 'ಓವರ್‌ಲೇ' ಸೌಲಭ್ಯವು ಮೂಲ ಲಿನಕ್ಸಿನಲ್ಲಿ ಸೇರಿದುದು 2014ರ ಡಿಸೆಂಬರಿನ 3.18ರಲ್ಲಿ. ಅದೇ ವರ್ಷ ಹೊರಬಂದ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7ರ ಕರ್ನಲ್ಲು 3.10. ಅದರ ತಯಾರಕರು ಹೊಸ ಸೌಲಭ್ಯಗಳನ್ನು ಹಳೆಯ ಸಂಖ್ಯೆಯೊಳಕ್ಕೇ ತಂದು ಸೇರಿಸುತ್ತಿದ್ದುದರಿಂದ, ಮುಂದಿನ ಪರಿಷ್ಕರಣಗಳಲ್ಲಿ ಓವರ್‌ಲೇ ಅಲ್ಲಿಯೂ ದೊರೆಯಿತು. ಸಂಖ್ಯೆಯನ್ನು ಮಾತ್ರ ನೋಡಿದವನು ಇದ್ದುದನ್ನು ಇಲ್ಲವೆಂದೇ ತೀರ್ಮಾನಿಸುತ್ತಿದ್ದನು.

ಎರಡನೆಯ ಬಗೆಯ ಆಧಾರವು ಕರ್ನಲ್ಲು ತನ್ನ ಸ್ಥಿತಿಯನ್ನು ಕಡತಗಳ ರೂಪದಲ್ಲಿ ತೋರಿಸುವುದು. 1984ರಲ್ಲಿ ಬೆಲ್ ಪ್ರಯೋಗಾಲಯದ ಟಾಮ್ ಕಿಲಿಯನ್ ಅವರು, ನಡೆಯುತ್ತಿರುವ ಪ್ರತಿಯೊಂದು ಪ್ರಕ್ರಿಯೆಯೂ '/ಪ್ರಾಕ್' ಎಂಬಲ್ಲಿ ಒಂದು ಕಡತವಾಗಿ ಕಾಣುವ ಕ್ರಮವನ್ನು ವಿವರಿಸಿದರು. ಲಿನಕ್ಸು ಇದನ್ನು ವಿಸ್ತರಿಸಿ ಇಡೀ ಕರ್ನಲ್ಲಿನ ಸಂಗತಿಗಳನ್ನು ಅಲ್ಲಿ ಇರಿಸಿತು. '/ಪ್ರಾಕ್/ಫೈಲ್‌ಸಿಸ್ಟಮ್ಸ್' ಎಂಬುದನ್ನು 'ಕ್ಯಾಟ್' ಆದೇಶದಿಂದ ಓದಿದರೆ ಆ ಕ್ಷಣದಲ್ಲಿ ನೋಂದಣಿಯಾಗಿರುವ ಕಡತವ್ಯವಸ್ಥೆಗಳ ಪಟ್ಟಿ ದೊರೆಯುತ್ತದೆ.

ಆದರೆ ಪಟ್ಟಿಯ ಮೌನವನ್ನು ಅಭಾವವೆಂದು ತಿಳಿಯಲಾಗದು. ಮೇಲ್ಕಂಡ 3.10ರಲ್ಲಿ ಓವರ್‌ಲೇ ಇದ್ದುದು ಪ್ರತ್ಯೇಕ ಮಾಡ್ಯೂಲಾಗಿ. ಅದನ್ನು ಒಳಕ್ಕೆ ಕರೆಯುವವರೆಗೆ ಅದರ ಹೆಸರು ಪಟ್ಟಿಯಲ್ಲಿ ಬಾರದು. ಇಲ್ಲಿಯೇ ಮೂರನೆಯ ಆಧಾರದ ಪ್ರಯೋಜನ. ಕರ್ನಲ್ಲನ್ನು ಕಟ್ಟಿದಾಗಿನ ಆಯ್ಕೆಗಳ ದಾಖಲೆಯು ಸಾಮಾನ್ಯವಾಗಿ '/ಬೂಟ್' ಕೋಶದಲ್ಲಿ ಇರುತ್ತದೆ, 2.6 ಶ್ರೇಣಿಯ ಕಾಲದಿಂದ, ಕಟ್ಟುವವರು ಇಚ್ಛಿಸಿದರೆ, '/ಪ್ರಾಕ್/ಕಾನ್ಫಿಗ್.ಜಿಝಡ್' ಎಂಬಲ್ಲಿಯೂ ದೊರೆಯುತ್ತದೆ. ಅದರಲ್ಲಿ 'ವೈ' ಎಂದರೆ ತಿರುಳಿನಲ್ಲಿಯೇ ಬೆರೆತದ್ದು, 'ಎಮ್' ಎಂದರೆ ಮಾಡ್ಯೂಲಾಗಿ ಬೇರೆ ಇರಿಸಿದ್ದು. 'ಎಮ್' ಎಂದು ಕಂಡಲ್ಲಿ 'ಮಾಡ್‌ಪ್ರೋಬ್' ಆದೇಶದಿಂದ ಮಾಡ್ಯೂಲನ್ನು ಸೇರಿಸಿ ಪಟ್ಟಿಯನ್ನು ಮತ್ತೆ ಓದಿದರೆ, ಹಿಂದೆ ಇಲ್ಲದಿದ್ದ ಹೆಸರು ಅಲ್ಲಿ ತೋರುತ್ತದೆ.

ದಾಖಲೆಯೂ ಕಡೆಯ ಮಾತಲ್ಲ. ಇರುವ ಸಾಮರ್ಥ್ಯವನ್ನು ಬಳಸಲು ಆಡಳಿತಗಾರನು ಅನುಮತಿ ಕೊಡದಿರಬಹುದು. ಕೋರಿದ ಸೇವೆಯನ್ನು ಒಮ್ಮೆ ಮಾಡಿಸಿ ನೋಡುವುದೇ ಅಂತಿಮ ಪರೀಕ್ಷೆ. ಅಲ್ಲಿಯೂ 'ಇಂಥ ಸೇವೆಯಿಲ್ಲ' ಎಂಬ ಉತ್ತರಕ್ಕೂ 'ನಿನಗೆ ಅನುಮತಿಯಿಲ್ಲ' ಎಂಬ ಉತ್ತರಕ್ಕೂ ಇರುವ ಭೇದವನ್ನು ಗಮನಿಸತಕ್ಕದ್ದು.

ಹೀಗೆ ಹೆಸರು, ಪಟ್ಟಿ, ದಾಖಲೆ, ಪ್ರಯೋಗ ಎಂಬ ನಾಲ್ಕು ಆಧಾರಗಳು ನಾಲ್ಕು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಕೊಡುತ್ತವೆ. ಒಂದರ ಉತ್ತರವನ್ನು ಮತ್ತೊಂದರ ಪ್ರಶ್ನೆಗೆ ಹೊಂದಿಸಿದರೆ ಕೆಲಸಕ್ಕೆ ಬರುವ ಯಂತ್ರವು ಅಯೋಗ್ಯವೆಂದು ಮೂಲೆಗೆ ಬೀಳುತ್ತದೆ, ಇಲ್ಲದ ಬಲವನ್ನು ನಂಬಿ ಹೂಡಿದ ಕೆಲಸವು ನಡುವೆ ನಿಲ್ಲುತ್ತದೆ. ಸಾಕ್ಷಿಯು ಸುಳ್ಳಾಡದಿದ್ದರೂ ಪ್ರಶ್ನೆ ತಪ್ಪಿದರೆ ತೀರ್ಪು ತಪ್ಪುವುದೆಂಬುದು ನಮ್ಮ ವಿದ್ಯಾರ್ಥಿಗಳಿಗೆ ಶಾಸನಗಳ ಅಧ್ಯಯನದಿಂದ ವಿದಿತವೇ ಇದೆ. ಯಂತ್ರದ ಮುಂದೆ ಕುಳಿತಾಗಲೂ ಅದನ್ನು ಮರೆಯದಿರುವುದು ಲೇಸು.