ಕತ್ತಿ ಹಿಡಿಯದ ರಾಣಿಯರು

1989ರ ಫೆಬ್ರವರಿ 8ರ ರಾತ್ರಿಯನ್ನು ಮೈಸೂರಿನ ಹಳಬರು ಮರೆತಿಲ್ಲ. ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿಯ ಚಿತ್ರೀಕರಣದ ವೇಳೆ ಇಲ್ಲಿನ ಪ್ರೀಮಿಯರ್ ಸ್ಟುಡಿಯೋಗೆ ಬೆಂಕಿ ಬಿದ್ದು ಅರವತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಮುಂದೆ ದೂರದರ್ಶನದಲ್ಲಿ ಬಂದ ಆ ಕಥೆಯ ಹೆಸರಿನಲ್ಲೇ ಕತ್ತಿಯಿತ್ತು. ಅದೇ ಕಾಲದ ಮೈಸೂರಿನಲ್ಲಿ ಕತ್ತಿ ಹಿಡಿಯದೆ ರಾಜಕೀಯ ನಡೆಸಿದವರೊಬ್ಬರಿದ್ದರು: ರಾಣಿ ಲಕ್ಷ್ಮಮ್ಮಣ್ಣಿ.

ಅವರ ಪತಿ ಇಮ್ಮಡಿ ಕೃಷ್ಣರಾಜ ಒಡೆಯರ್ ತೀರಿಕೊಂಡದ್ದು 1766ರಲ್ಲಿ. ಆಗ ಅಧಿಕಾರವೆಲ್ಲ ಹೈದರಾಲಿಯ ಕೈಯಲ್ಲಿತ್ತು. ರಾಣಿ ಗುಟ್ಟಾಗಿ ಇಂಗ್ಲಿಷರ ಬಳಿಗೆ ದೂತರನ್ನು ಅಟ್ಟಿದರು, 1782ರಲ್ಲಿ ಅವರೊಡನೆ ಕರಾರನ್ನೂ ಮಾಡಿಸಿದರು. ಫಲ ಸಿಕ್ಕಿದ್ದು ಟಿಪ್ಪುವಿನ ಮರಣಾನಂತರ, 1799ರ ಜೂನ್ 30ರಂದು. ಅಂದು ಐದು ತುಂಬದ ಮುಮ್ಮಡಿ ಕೃಷ್ಣರಾಜರಿಗೆ ಪಟ್ಟವಾಯಿತು. ಮೂವತ್ತಮೂರು ವರ್ಷಗಳ ಕಾಯುವಿಕೆ! ಆದರೆ ಇಂಗ್ಲಿಷರ ನೆರವಿನಿಂದ ಬಂದ ಸಿಂಹಾಸನ ಇಂಗ್ಲಿಷರ ಅಂಕೆಯಲ್ಲೇ ಉಳಿಯಿತು. ಆಕೆಯನ್ನು ಚತುರೆ ಎನ್ನೋಣವೇ, ಪರರ ಕೈಗೆ ನಾಡನ್ನು ಕೊಟ್ಟವಳು ಎನ್ನೋಣವೇ? ನಾಯಕಿ, ಖಳನಾಯಕಿ ಎಂಬ ಎರಡೇ ಖಾನೆಗಳಿರುವ ಕಿರುತೆರೆಗೆ ಈ ಪ್ರಶ್ನೆ ಒಗ್ಗುವುದಿಲ್ಲ.

ಶತಮಾನದ ಬಳಿಕ ಇನ್ನೊಬ್ಬ ರಾಣಿ. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರ್ ಕಲ್ಕತ್ತದಲ್ಲಿ ತೀರಿಕೊಂಡರು. ಹತ್ತು ವರ್ಷದ ಮಗನ ಪರವಾಗಿ, ಮೂವತ್ತೂ ತುಂಬದ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನರು 1895ರಿಂದ 1902ರವರೆಗೆ ರಾಜಪ್ರತಿನಿಧಿಯಾದರು. 1897ರಲ್ಲಿ ಅರಮನೆ ಸುಟ್ಟಿತು, ಮರುವರ್ಷ ಪ್ಲೇಗು ಬಂತು. ಮಾರಿಕಣಿವೆ ಅಣೆಕಟ್ಟಿನ ಕೆಲಸ ಶುರುವಾದದ್ದೂ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಗಣಿಗಳಿಗೆ ಹರಿದದ್ದೂ ಈ ಏಳು ವರ್ಷಗಳಲ್ಲೇ. ಈ ಕೆಲಸಗಳ ಕೀರ್ತಿಯಲ್ಲಿ ದೊಡ್ಡ ಪಾಲು ದಿವಾನ್ ಶೇಷಾದ್ರಿ ಅಯ್ಯರ್ ಅವರದು, ಅದು ನ್ಯಾಯವೇ. ಆದರೆ ರಾಣಿಗೆ ಬರೀ ದುಃಖತಪ್ತ ವಿಧವೆಯ ಪಾತ್ರವಷ್ಟೇ ಉಳಿದರೆ ಅದು ನ್ಯಾಯವಲ್ಲ.

ಕಿರುತೆರೆಗೆ ಆಳುವ ಹೆಣ್ಣು ಸಾಮಾನ್ಯವಾಗಿ ಬೇಕಾಗುವುದು ಎರಡು ರೂಪದಲ್ಲಿ: ಕುದುರೆಯ ಮೇಲೆ, ಇಲ್ಲವೇ ಕಣ್ಣೀರಿನಲ್ಲಿ. 2009ರಲ್ಲಿ ಜೀ ಟಿವಿಯಲ್ಲಿ ಆರಂಭವಾದ ‘ಝಾನ್ಸಿ ಕೀ ರಾಣಿ’ ಮೊದಲನೆಯದಕ್ಕೆ ಉದಾಹರಣೆ. ಕಡತ, ಸಭೆ, ಸಂಧಾನ ನೋಡುಗರಿಗೆ ಬೇಸರ ತರುತ್ತವೆ ಎನ್ನುವುದು ಸುಳ್ಳು. 2010ರಲ್ಲಿ ಡೆನ್ಮಾರ್ಕಿನ ‘ಬೋರ್ಗನ್’ ಧಾರಾವಾಹಿ ಒಬ್ಬ ಕಾಲ್ಪನಿಕ ಮಹಿಳಾ ಪ್ರಧಾನಿಯ ಮೈತ್ರಿಕೂಟದ ಚೌಕಾಸಿಗಳನ್ನೇ ಕಥೆಯಾಗಿಸಿ ಹೊರದೇಶಗಳಲ್ಲೂ ಗೆದ್ದಿತು. ಮರುವರ್ಷ ಆ ದೇಶ ನಿಜವಾಗಿಯೂ ತನ್ನ ಮೊದಲ ಮಹಿಳಾ ಪ್ರಧಾನಿಯನ್ನು ಕಂಡಿತು. ಧಾರಾವಾಹಿಯಿಂದಲೇ ಹಾಗಾಯಿತು ಎಂದಲ್ಲ. ಅಂಥ ಹೆಣ್ಣನ್ನು ಊಹಿಸಿಕೊಳ್ಳಲು ಅಲ್ಲಿನ ನೋಡುಗರಿಗೆ ಕಷ್ಟವಾಗಿರಲಿಲ್ಲ, ಅಷ್ಟೆ.

ಮೈಸೂರಿನ ವಾಣಿವಿಲಾಸ ರಸ್ತೆಯಲ್ಲಿ ನಾವು ದಿನವೂ ಓಡಾಡುತ್ತೇವೆ. ಆ ಹೆಸರಿನ ಹಿಂದೆ ಕಾಗದ ಓದಿ, ಪ್ರಶ್ನೆ ಕೇಳಿ, ರುಜು ಹಾಕಿದ ಹೆಣ್ಣೊಬ್ಬಳು ಕೂತಿದ್ದಾಳೆ. ಅವಳ ಕಥೆಗೆ ಕತ್ತಿ ಬೇಕಿಲ್ಲ, ಒಂದು ಮೇಜು ಸಾಕು.