ಸಾಕಿದ ಮೀನು ಮತ್ತು ಶ್ರಾವಕಧರ್ಮ

ಶ್ವೇತಾಂಬರ ಜೈನರಿಗೆ ಮತ್ಸ್ಯಯುಗ್ಮವು ಅಷ್ಟಮಂಗಳಗಳಲ್ಲೊಂದು. ದಿಗಂಬರ ಸಂಪ್ರದಾಯದಲ್ಲಿ ಹದಿನೆಂಟನೆಯ ತೀರ್ಥಂಕರ ಅರನಾಥಸ್ವಾಮಿಯ ಲಾಂಛನವೂ ಮೀನೇ. ಇಂದು ಗಾಜಿನ ತೊಟ್ಟಿಗಳಲ್ಲಿ ಆಸ್ಕರ್, ಅರೋವಾನಾ, ಅಲಿಗೇಟರ್ ಗಾರ್ ಮೊದಲಾದ ಬೇಟೆಗಾರ ಮೀನುಗಳನ್ನು ವರ್ಷಾನುಗಟ್ಟಲೆ ಸಾಕುವ ಹವ್ಯಾಸ ಹಬ್ಬಿದೆ. ಈ ಸಂದರ್ಭದಲ್ಲಿ ಪೂರ್ವಿಕರ ವಿವೇಕವನ್ನು ಅವಲೋಕಿಸುವುದು ಉಚಿತ.

ಅಶೋಕ ಚಕ್ರವರ್ತಿಯು ಪಟ್ಟಾಭಿಷೇಕದ 26ನೆಯ ವರ್ಷದಲ್ಲಿ ಹೊರಡಿಸಿದ ಐದನೆಯ ಸ್ತಂಭಶಾಸನದಲ್ಲಿ ಕೊಲ್ಲಬಾರದ ಪ್ರಾಣಿಗಳ ಪಟ್ಟಿಯಿದೆ. ಕೆಲವು ಮೀನುಗಳೂ ಅದರಲ್ಲಿ ಸೇರಿವೆ. ಒಂದು ಜೀವವನ್ನು ಇನ್ನೊಂದು ಜೀವಕ್ಕೆ ಆಹಾರವಾಗಿ ಕೊಟ್ಟು ಪೋಷಿಸಬಾರದೆಂಬ ಆಜ್ಞೆಯೂ ಅಲ್ಲಿಯೇ ಇದೆ. ಸ್ವಾಮಿ ಕಾರ್ತಿಕೇಯರ ಅನುಪ್ರೇಕ್ಷಾಗ್ರಂಥವು ಬೆಕ್ಕು ಮುಂತಾದ ಹಿಂಸ್ರಪ್ರಾಣಿಗಳನ್ನು ಸಾಕುವುದನ್ನು ಅನರ್ಥದಂಡದಲ್ಲಿ ಎಣಿಸಿ, ಆಯುಧಗಳ ಮಾರಾಟದ ಜೊತೆಗೇ ಇರಿಸಿದೆ.

ಅರಮನೆಗಳ ರೂಢಿ ಬೇರೆಯಾಗಿತ್ತು. ಕ್ರಿ.ಶ. 1126ರಿಂದ 1138ರವರೆಗೆ ಆಳಿದ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು ತನ್ನ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದವನ್ನು ವಿವರಿಸುತ್ತ, ಮೀನುಗಳ ಜಾತಿಗಳನ್ನೂ ಅವುಗಳಿಗೆ ಉಣಿಸಬೇಕಾದ ತಿನಿಸುಗಳನ್ನೂ ಹೇಳಿ, ಗಾಳದ ವಿಧಾನವನ್ನೂ ತಿಳಿಸಿದ್ದಾನೆ. ಉಣಿಸಿದ ಕೈಯೇ ಅಲ್ಲಿ ಹಿಡಿಯುವ ಕೈ. 1209ರಲ್ಲಿ ಹೊಯ್ಸಳರ ಆಶ್ರಯದ ಜನ್ನನು ರಚಿಸಿದ ‘ಯಶೋಧರಚರಿತೆ’ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿಗೊಟ್ಟ ಸಂಕಲ್ಪಮಾತ್ರದಿಂದ ರಾಜನೂ ಅವನ ತಾಯಿಯೂ ತಿರ್ಯಗ್ಜನ್ಮಗಳಲ್ಲಿ ತೊಳಲುತ್ತಾರೆ, ಒಂದು ಜನ್ಮದಲ್ಲಿ ಮಗ ಮೀನು, ತಾಯಿ ಮೊಸಳೆ. ಕೈಯಿಂದಲ್ಲ, ಭಾವದಿಂದಲೇ ಹಿಂಸೆ ಆರಂಭವಾಗುವುದೆಂಬುದು ಅಲ್ಲಿನ ತತ್ತ್ವ.

ಸಾಲಗಾಮೆಯೂ ಸೇರಿದ ಹಾಸನ ಜಿಲ್ಲೆಯಲ್ಲಿಯೇ ಮೂರನೆಯ ಮಾದರಿಯೊಂದಿದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ, ಕಾವೇರಿಯ ವಹ್ನಿಪುಷ್ಕರಿಣಿಯ ಮೀನುಗಳನ್ನು ದೇವರ ಮೀನುಗಳೆಂದು ಕಾಯಲಾಗಿದೆ. ಶೃಂಗೇರಿಯ ತುಂಗೆಯಲ್ಲಿಯೂ ಇದೇ ಸಂಪ್ರದಾಯವಿದೆ. ಯಾತ್ರಿಕರು ಪುರಿ ಎರಚುತ್ತಾರೆ. ಆದರೆ ಆ ಮೀನುಗಳಿಗೆ ಒಡೆಯನಿಲ್ಲ, ಗೋಡೆಯಿಲ್ಲ. ಅಲ್ಲಿ ದೊಡ್ಡ ಮೀನು ಚಿಕ್ಕದನ್ನು ನುಂಗಿದರೆ ಅದು ನದಿಯ ವ್ಯಾಪಾರವೇ ಹೊರತು ಮನುಷ್ಯನ ಏರ್ಪಾಡಲ್ಲ. ಈ ರಕ್ಷಣೆಯೂ ಸುಲಭವಲ್ಲ: 1996ರಲ್ಲಿ ಶಿಶಿಲದ ಕಪಿಲೆಗೆ ದುಷ್ಕರ್ಮಿಗಳು ವಿಷವಿಕ್ಕಿದಾಗ ಸಾವಿರಾರು ಮೀನುಗಳು ಸತ್ತವು.

‘ತಿನ್ನುವುದು ಮೀನಿನ ಸ್ವಭಾವ, ಸಾಕಿದವನ ದೋಷವೇನು?’ ಎಂದು ಕೇಳಬಹುದು. ತೊಟ್ಟಿಗೆ ಜೀವಂತ ಮರಿಮೀನನ್ನು ಬಿಡುವವನು ಯಾವುದು ಸಾಯಬೇಕೆಂಬುದನ್ನು ತಾನೇ ಆರಿಸುತ್ತಾನೆ. ತಪ್ಪಿಸಿಕೊಳ್ಳುವ ದಾರಿಯನ್ನೂ ಮುಚ್ಚಿರುತ್ತಾನೆ. ಅದು ಕಾರಿತ, ನೋಡಿ ಸಂತೋಷಪಡುವುದು ಅನುಮೋದನೆ. ಇನ್ನು ಆಹಾರ ಕೊಡದಿದ್ದರೆ ಅನ್ನಪಾನನಿರೋಧ, ಇಕ್ಕಟ್ಟಿನಲ್ಲಿ ಕೂಡಿಹಾಕಿದರೆ ಬಂಧ: ಎರಡೂ ಅಹಿಂಸಾಣುವ್ರತದ ಅತಿಚಾರಗಳು. ಕಾರ್ಖಾನೆಯ ಗುಳಿಗೆಯೂ ನಿರ್ದೋಷವಲ್ಲ. ಅದರಲ್ಲಿಯೂ ಬಹುಮಟ್ಟಿಗೆ ಮೀನಿನ ಹುಡಿಯಿರುತ್ತದೆ.

ಕೆರೆಗೆ ಬಿಟ್ಟು ಪುಣ್ಯ ಗಳಿಸುವೆನೆಂಬುದು ಇನ್ನೂ ದೊಡ್ಡ ಪ್ರಮಾದ. ಆರು ಅಡಿಗೂ ಮೀರಿ ಬೆಳೆದು ಹಲವು ದಶಕ ಬದುಕಬಲ್ಲ ಅಮೆರಿಕದ ಅಲಿಗೇಟರ್ ಗಾರ್ 2023ರಲ್ಲಿ ಕಾಶ್ಮೀರದ ದಾಲ್ ಸರೋವರದಲ್ಲಿ ಕಾಣಿಸಿಕೊಂಡಿತು. ಅಂಥ ಒಂದು ಜೀವದ ಬಿಡುಗಡೆ ಊರಕೆರೆಯ ಅಸಂಖ್ಯ ಜೀವಗಳ ಮರಣವಾಗಬಹುದು.

ಆದುದರಿಂದ ಈಗಾಗಲೇ ಸಾಕಿದವನು ಅದರ ಆಯುಷ್ಯ ಮುಗಿಯುವವರೆಗೆ ವಿಶಾಲವಾದ ನೀರನ್ನೂ ಜೀವಂತವಲ್ಲದ ಆಹಾರವನ್ನೂ ಕೊಟ್ಟು ಹೊಣೆ ನಿರ್ವಹಿಸಬೇಕು, ಮತ್ತೊಂದನ್ನು ತರಬಾರದು. ಸಾಕದವನು ಕೊಳ್ಳುವ ಮುನ್ನವೇ ವಿಚಾರಿಸಬೇಕು. ವ್ರತಪಾಲನೆಗೆ ನಿರಾತಂಕವಾದ ಕಾಲ ಅದೊಂದೇ.