ಸೊಪ್ಪಿನಬೆಟ್ಟ: ತೋಟಕ್ಕಿಳಿದ ಕಾಡಿನ ಸಾರ

ಉತ್ತರ ಕನ್ನಡದ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಗಳಲ್ಲಿ ಅಡಿಕೆ ತೋಟವು ಕಣಿವೆಯ ತಳದಲ್ಲಿದ್ದರೆ, ಅದಕ್ಕೆ ಗೊಬ್ಬರ ಒದಗಿಸುವ ಸೊಪ್ಪಿನಬೆಟ್ಟವು ಅದರ ಮೇಲಿನ ಇಳಿಜಾರಿನಲ್ಲಿರುತ್ತದೆ. ಮಳೆಗಾಲದಲ್ಲಿ ಮತ್ತಿ, ನೇರಲೆ, ಹೊನ್ನೆ ಮೊದಲಾದ ಮರಗಳಿಂದ ಕಡಿದ ಹಸಿರು ಸೊಪ್ಪೂ, ಬೇಸಗೆಯಲ್ಲಿ ಗುಡಿಸಿ ತಂದ ಒಣ ಎಲೆ, ಅಂದರೆ ದರಕೂ ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸಾಗಿ, ಸಗಣಿ ಗಂಜಳಗಳೊಂದಿಗೆ ಕಳಿತು, ಕೊನೆಗೆ ಅಡಿಕೆಮರದ ಬುಡ ಸೇರುತ್ತಿದ್ದವು. ಈ ಪದ್ಧತಿಯನ್ನು ತೋಟಗಾರನ ಜಾಣ್ಮೆಯೆಂದು ಮೆಚ್ಚಿದವರೂ ಕಾಡಿನ ಲೂಟಿಯೆಂದು ಹಳಿದವರೂ ಮರಗಳನ್ನೇ ನೋಡಿದರಲ್ಲದೆ, ಮರಗಳ ಕೆಳಗಿನ ಮಣ್ಣಿಗೆ ಅಷ್ಟಾಗಿ ಗಮನ ಕೊಡಲಿಲ್ಲ.

1862ರಲ್ಲಿ ಉತ್ತರ ಕೆನರಾ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಬಳಿಕ ಅರಣ್ಯಾಡಳಿತ ಬಿಗಿಯಾದಂತೆ ಬೆಟ್ಟವು ಹಕ್ಕಲ್ಲ, ಸರಕಾರ ಕೊಟ್ಟ ಸವಲತ್ತು ಎಂಬ ನಿಲುವು ಗಟ್ಟಿಯಾಯಿತು. ಘಟ್ಟದ ಮೇಲಿನ ತಾಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಗರಿಷ್ಠ 9 ಎಕರೆ ಬೆಟ್ಟ ಎಂಬ ಪ್ರಮಾಣ ರೂಢಿಗೆ ಬಂತು. ದಕ್ಷಿಣ ಕನ್ನಡದ ಕುಮ್ಕಿ ಜಮೀನೂ ಕೊಡಗಿನ ಬಾಣೆಯೂ ಇದೇ ಬಗೆಯ ಅಗತ್ಯದಿಂದ ಹುಟ್ಟಿದ ಏರ್ಪಾಡುಗಳು.

ಕಾಡಿನ ಎಲೆ ಯಾರಿಗೆ ಸೇರಬೇಕೆಂಬ ಇದೇ ಪ್ರಶ್ನೆ ಅದೇ ಶತಮಾನದಲ್ಲಿ ಜರ್ಮನಿಯಲ್ಲಿ ಇನ್ನೂ ಉಗ್ರವಾಗಿ ಎದ್ದಿತ್ತು. ಹುಲ್ಲಿನ ಅಭಾವವಿದ್ದ ರೈತರು ಕಾಡಿನ ನೆಲದ ಉದುರೆಲೆಯನ್ನು ಕೊಟ್ಟಿಗೆಗೆ ಒಯ್ಯುತ್ತಿದ್ದರು, ಅರಣ್ಯಾಧಿಕಾರಿಗಳು ಅದನ್ನು ತಡೆಯುತ್ತಿದ್ದರು. 1864ರಲ್ಲಿ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕನಾದ ಡೀಟ್ರಿಚ್ ಬ್ರಾಂಡಿಸ್ ಸಹ ಜರ್ಮನಿಯವನೇ. ಬವೇರಿಯಾದ ವಿಜ್ಞಾನಿ ಎರ್ನ್ಸ್ಟ್ ಎಬರ್ಮಾಯರ್ 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಉದುರೆಲೆಯ ತೂಕವನ್ನೂ ಅದರ ಬೂದಿಯಲ್ಲಿನ ಖನಿಜಗಳನ್ನೂ ಲೆಕ್ಕಹಾಕಿ, ಎಲೆಯೊಂದಿಗೆ ಮಣ್ಣಿನ ಪೋಷಕಾಂಶಗಳೂ ಕಾಡು ಬಿಡುತ್ತವೆಂದು ತೋರಿಸಿದ. ಜಗಳವು ಹೀಗೆ ಅಳತೆಗೆ ಇಳಿದದ್ದು ದೊಡ್ಡ ಮುನ್ನಡೆ.

ಮಲೆನಾಡಿನಲ್ಲಿ ಈ ಲೆಕ್ಕ ಇನ್ನೂ ಬಿಗಿಯಾದದ್ದು. ನೆಲಕ್ಕೆ ಬಿದ್ದ ಎಲೆಯನ್ನು ಗೆದ್ದಲು, ಎರೆಹುಳು, ಶಿಲೀಂಧ್ರಗಳು ಒಡೆಯುವಾಗ ಅದರ ಇಂಗಾಲದ ಬಹುಪಾಲು ಗಾಳಿಗೆ ಹೋಗುತ್ತದೆ; ಉಳಿದದ್ದು ಸೂಕ್ಷ್ಮಜೀವಿಗಳ ದೇಹಗಳ ಮೂಲಕ ಹಾದು ಜೇಡಿಕಣಗಳಿಗೆ ಅಂಟಿಕೊಂಡು ಸಾವಯವಾಂಶವಾಗಿ, ಅಂದರೆ ಸಸ್ಯ ಮತ್ತು ಜೀವಿಗಳ ಶೇಷದಿಂದಾದ ಮಣ್ಣಿನ ಭಾಗವಾಗಿ, ನಿಲ್ಲುತ್ತದೆ. ಜಂಬಿಟ್ಟಿಗೆ ಮಣ್ಣಿನ ಜೇಡಿಗೆ ಕ್ಯಾಲ್ಸಿಯಂ, ಪೊಟ್ಯಾಸಿಯಂಗಳನ್ನು ಹಿಡಿದಿಡುವ ಶಕ್ತಿ ಕಡಿಮೆಯಾದ್ದರಿಂದ ಆ ಕೆಲಸದ ಹೆಚ್ಚಿನ ಪಾಲು ಸಾವಯವಾಂಶದ ಮೇಲೆಯೇ ಬೀಳುತ್ತದೆ. ದರಕಿನ ಹೊದಿಕೆಯಿಲ್ಲದ ಇಳಿಜಾರಿನ ಮೇಲೆ ಮುಂಗಾರು ನೇರವಾಗಿ ಹೊಡೆದರೆ ಮೇಲ್ಮಣ್ಣೇ ಕೊಚ್ಚಿಹೋಗುತ್ತದೆ.

ಹಸಿರು ಸೊಪ್ಪಿನ ನಷ್ಟ ದರಕಿನದಕ್ಕಿಂತ ದೊಡ್ಡದು ಎಂಬುದನ್ನು ಇಲ್ಲಿ ಮರೆಯಲಾಗದು. ಎಲೆ ಹಣ್ಣಾಗಿ ಉದುರುವ ಮುನ್ನ ಮರವು ಅದರಲ್ಲಿನ ಸಾರಜನಕ, ರಂಜಕಗಳ ಗಣನೀಯ ಭಾಗವನ್ನು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಹಸಿರಿರುವಾಗಲೇ ಕಡಿದರೆ ಅದಕ್ಕೆ ಅವಕಾಶವಿಲ್ಲ. ತೋಟಕ್ಕೆ ಯಾವ ಸೊಪ್ಪು ಹೆಚ್ಚು ಸತ್ವದ್ದೋ ಬೆಟ್ಟಕ್ಕೆ ಅದೇ ಹೆಚ್ಚು ದುಬಾರಿ. ಹಾಗಿದ್ದೂ ಶತಮಾನ ದಾಟಿದ ಅನೇಕ ಬೆಟ್ಟಗಳು ಬರಡಾಗದೆ ಉಳಿದಿರುವುದಕ್ಕೆ, ಸರದಿಯಲ್ಲಿ ಸೊಪ್ಪು ಕಡಿದು ತುದಿಯ ರೆಂಬೆಗಳನ್ನು ಬಿಡುವ ಎಚ್ಚರದ ಜೊತೆಗೆ, ಯಾರ ಕತ್ತಿಗೂ ಸಿಗದ ಬೇರುಗಳು ಮಣ್ಣಿನೊಳಗೇ ಸತ್ತು ಕಳಿಯುವುದೂ ಕಾರಣವಾಗಿರಬೇಕು.

ಎಲೆಯನ್ನು ತೆಗೆದರೆ ಕುಸಿಯುವ ಸಾವಯವಾಂಶವು ಎಲೆಯನ್ನು ಸುರಿದಷ್ಟೂ ಬೆಳೆಯುತ್ತದೆಂದೇನೂ ಅಲ್ಲ. ಅಮೆರಿಕದ ಹಾರ್ವರ್ಡ್ ಅರಣ್ಯದಲ್ಲಿ 1990ರಲ್ಲಿ ಆರಂಭವಾದ ಪ್ರಯೋಗದಲ್ಲಿ ಕೆಲವು ತುಂಡು ನೆಲಗಳಿಂದ ಉದುರೆಲೆಯನ್ನು ತೆಗೆದು, ಬೇರೆ ಕೆಲವಕ್ಕೆ ಇಮ್ಮಡಿಯಾಗಿ ಹಾಕುತ್ತ ಬಂದಾಗ, ತೆಗೆದ ಕಡೆ ಇಂಗಾಲ ಇಳಿಯಿತಾದರೂ ಇಮ್ಮಡಿಸಿದ ಕಡೆ ಅದಕ್ಕೆ ಸಮನಾದ ಏರಿಕೆ ಕಾಣಲಿಲ್ಲ. ಹೊಸ ಎಲೆಯ ಆಹಾರದಿಂದ ಚುರುಕಾದ ಸೂಕ್ಷ್ಮಜೀವಿಗಳು ಹಳೆಯ ಸಾವಯವಾಂಶವನ್ನೂ ಕರಗಿಸುತ್ತವೆಂಬುದು ಇದಕ್ಕೆ ಕೊಡುವ ವಿವರಣೆಗಳಲ್ಲಿ ಒಂದು. ಈ ಬೆಳಕಿನಲ್ಲಿ ನೋಡಿದರೆ, 9 ಎಕರೆ ಎಂಬ ಹಳೆಯ ಸಂಖ್ಯೆಯು ಬೆಟ್ಟದ ವಿಸ್ತಾರವನ್ನು ಹೇಳುತ್ತದೆಯೇ ಹೊರತು, ಆ ನೆಲದಿಂದ ವರ್ಷಕ್ಕೆ ಎಷ್ಟು ಹೊರೆ ಇಳಿಯಿತು, ಅದರಲ್ಲಿ ಸೊಪ್ಪೆಷ್ಟು ದರಕೆಷ್ಟು ಎಂಬುದನ್ನು ಹೇಳುವುದಿಲ್ಲ.